ಒಂದೂ ಸುಳ್ಳಿಲ್ಲದ ಕಾಗದ

ಮಲ್‌ಸೂನಳ ಎರಡೂ ಕಿವಿ ಹೋಗಿದ್ದವು. ಅವು ಚೆನ್ನಾಗಿವೆ ಎಂದು ಐದು ವರ್ಷ ಸಾಲಾಗಿ ದಾಖಲೆಯಲ್ಲಿ ಬರೆಯುವಂತೆ ಮಾಡಿದವಳು ಚುನ್‌ಮಿ.

ಪ್ರತಿ ಮೇ ತಿಂಗಳು, ಕೆಲಸದವರ ಕಿವಿ ತಪಾಸಣೆಗೆಂದು, ಆನ್ಸಾನ್ ಊರಿನ ಅವರ ಕಾರ್ಖಾನೆಯ ಅಂಗಳಕ್ಕೆ ಆಸ್ಪತ್ರೆಯ ಬಿಳಿ ಬಸ್ಸು ಬಂದು ನಿಲ್ಲುತ್ತಿತ್ತು. ಬಸ್ಸಿನ ಹಿಂಭಾಗದಲ್ಲಿ ಬೀರುವಿನಷ್ಟು ಅಗಲದ ಒಂದು ಗೂಡು, ಅದಕ್ಕೊಂದು ಗಾಜಿನ ಕಿಟಕಿ. ಗೂಡಿನಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕುಂಯ್ ಎಂಬ ಸದ್ದು ಕೇಳಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಗಾಜಿನಾಚೆ ಕೂತು ಸದ್ದು ಬಿಡುವ ನರ್ಸು ಗುರುತು ಹಾಕಿಕೊಳ್ಳುತ್ತಾಳೆ.

ಬಸ್ಸಿನ ಮುಂದೆ ಸಾಲು ನಿಂತ ಹೆಂಗಸರ ಹಿಂದೆ ಓಡಾಡುತ್ತ ಚುನ್‌ಮಿ ಹೇಳಿಕೊಡುತ್ತಿದ್ದಳು.

"ಕಿವಿ ಕೇಳ್ಲಿ, ಬಿಡ್ಲಿ, ನರ್ಸಮ್ಮನ ಬಲಭುಜ ನೋಡ್ರೇ. ಸದ್ದು ಬಿಡಾಕೆ ಭುಜ ಒಂಚೂರು ಕೆಳಕ್ಕೋಯ್ತಾ, ಒತ್ತಿ. ಮ್ಯಾಲಕ್ಕೆ ಬಂತಾ, ಬಿಡಿ. ಒಂದೆರಡು ಸಲ ಬೇಕಂತ್ಲೇ ತಪ್ಪು ಮಾಡಿ. ಎಲ್ಲಾ ಸರಿ ಒತ್ತಿದ್ರೆ ಅವ್ಳಿಗೆ ಅನುಮಾನ ಬತ್ತದೆ."

ಮಲ್‌ಸೂನ್ ಆಗ ನಗುತ್ತಿದ್ದಳು. "ನನ್ ಮದ್ವೆ ಗಂಡಿನ್ ಭುಜಾನೂ ಇಷ್ಟು ನೋಡಿರ್ಲಿಲ್ಲ ಕಣೇ ನಾನು."

ಚುನ್‌ಮಿ ಹೀಗೆ ಹೇಳಿಕೊಡಲು ಕಾರಣವಿತ್ತು. ಅದಕ್ಕೂ ಹಿಂದಿನ ವರ್ಷ ಅವಳು ಕೆಲಸ ಹಂಚುವ ಲೈನಿನ ಇಬ್ಬರು ಹೆಂಗಸರ ಚೀಟಿಯಲ್ಲಿ 'ಕೆಲಸದಿಂದ ಬಂದ ಕಿವುಡು' ಎಂದು ಬಂದಿತ್ತು. ಮೂರು ತಿಂಗಳಲ್ಲಿ ಇಬ್ಬರ ಕಾಂಟ್ರಾಕ್ಟೂ ಮುಗಿಯಿತು. ಮ್ಯಾನೇಜರ್ ಕ್ವಾಕ್ ಚುನ್‌ಮಿಯನ್ನು ಕರೆಸಿ, ಮೇಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತ ಹೇಳಿದ್ದ: "ಇನ್ಮೇಲೆ ನಿನ್ನ ಲೈನಿಂದ ಇಂಥದ್ದು ಒಂದೂ ಬರಬಾರದು. ಹೇಗೆ ಅಂತ ನಾನು ಹೇಳಲ್ಲ. ಖಾಯಂ ಮಾಡೋ ದಿನ ಬಂದಾಗ ನಿನ್ನ ಹೆಸರು ಮೊದಲು." ಹೆಂಗಸರ ಕೆಲಸ ಉಳಿಯಲಿ ಎಂದು ಚುನ್‌ಮಿ ಭುಜದ ಉಪಾಯ ಹುಡುಕಿದಳು. ತನ್ನ ಹೆಸರು ಮೊದಲು ಬರಲಿ ಎಂದೂ ಹುಡುಕಿದಳು. ಎರಡರಲ್ಲಿ ಯಾವುದು ಹೆಚ್ಚು ಎಂದು ಐದು ವರ್ಷ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಪ್ರೆಸ್ ಶಾಪಿನಲ್ಲಿ ಇಪ್ಪತ್ತೆರಡು ಪ್ರೆಸ್ಸುಗಳು. ಕಾರಿನ ಬಾಗಿಲಿಗೆ ಬೇಕಾದ ತಗಡುಗಳನ್ನು ಹಗಲೆಲ್ಲ ಕುಟ್ಟಿ ಬಗ್ಗಿಸುತ್ತಿದ್ದವು. ಅಲ್ಲಿ ಬಾಯಿಂದ ಬಂದ ಮಾತು ಹಲ್ಲು ದಾಟುತ್ತಿರಲಿಲ್ಲ. ಹೆಂಗಸರು ಕೈಯಲ್ಲಿ, ತುಟಿಯಲ್ಲಿ ಮಾತಾಡುತ್ತಿದ್ದರು. ಕೊರಳಪಟ್ಟಿ ಹಿಡಿದರೆ ಕ್ವಾಕ್ ಬಂದ. ಮುಷ್ಟಿ ತಿರುಚಿದರೆ ಅಚ್ಚು ಬಿರುಕು ಬಿಟ್ಟಿದೆ. ಹೊಟ್ಟೆ ಮೇಲೆ ಹೆಬ್ಬೆರಳಿಟ್ಟರೆ ಊಟ. ಮಲ್‌ಸೂನ್ ಎಂಟು ಮಿಷಿನ್ ಆಚೆ ನಿಂತವಳನ್ನು ಬರೀ ತುಟಿಯಲ್ಲಿ ಬಯ್ದು ಅಳಿಸಬಲ್ಲಳು. ಸೇರಿದ ಹೊಸತರಲ್ಲಿ ಅಚ್ಚು ಒಡೆಯುವುದು ಅವಳಿಗೆ ಎಲ್ಲರಿಗಿಂತ ಮೊದಲು ಸದ್ದಿನಿಂದ ತಿಳಿಯುತ್ತಿತ್ತು. ಆಮೇಲೆ ಅವಳು ತೆಳು ಅಟ್ಟೆಯ ಬೂಟು ಹಾಕತೊಡಗಿದಳು, ಅಂಗಾಲಿನಿಂದ ತಿಳಿಯುತ್ತಿದ್ದಳು. ಸದ್ದು ಯಾವಾಗ ಹೋಯಿತು ಎಂದು ಯಾರೂ ಕೇಳಲಿಲ್ಲ. ಅಚ್ಚು ಉಳಿಯುತ್ತಿತ್ತಲ್ಲ, ಸಾಕಾಗಿತ್ತು.

*

ಕಳೆದ ವರ್ಷ ಚಳಿ ಮುಗಿಯುವ ಹೊತ್ತಿಗೆ ಕೋರ್ಟಿನ ತೀರ್ಪು ಬಂತು. ಹತ್ತು ಹದಿನೈದು ವರ್ಷದಿಂದ ಕಾಂಟ್ರಾಕ್ಟಿನಲ್ಲಿ ದುಡಿಯುತ್ತಿದ್ದವರನ್ನು ಕಂಪನಿ ಖಾಯಂ ಮಾಡಿಕೊಳ್ಳಬೇಕು. ಹೆಂಗಸರು ಕ್ಯಾಂಟೀನಿನಲ್ಲಿ ತಟ್ಟೆ ಬಡಿದು ಕುಣಿದರು. ವಾರ ಕಳೆದ ಮೇಲೆ ಅದೇ ಕ್ಯಾಂಟೀನಿನಲ್ಲಿ ಕ್ವಾಕ್ ಎದ್ದು ನಿಂತ.

"ಎಲ್ಲರಿಗೂ ಅವಕಾಶ ಇದೆ. ಕಂಪನಿ ಯಾರನ್ನೂ ಬಿಡಲ್ಲ. ಆದರೆ ಖಾಯಂ ಅಂದಮೇಲೆ ಒಂದು ಅರ್ಹತೆ ಬೇಕು. ಇಂಗ್ಲಿಷ್ ಪರೀಕ್ಷೆ. ಕೇಳಿ ಅರ್ಥಮಾಡಿಕೊಳ್ಳೋಕೆ ನೂರು ಪ್ರಶ್ನೆ, ಓದಿ ಅರ್ಥಮಾಡಿಕೊಳ್ಳೋಕೆ ನೂರು. ಎರಡರಲ್ಲೂ ಅರ್ಧಕ್ಕರ್ಧ ಬಂದರೆ ಸಾಕು."

ಸೂಪಿನ ಬಟ್ಟಲು ಕೆಳಗಿಟ್ಟು ಮಲ್‌ಸೂನ್ ಕೇಳಿದಳು. ಐವತ್ತೇಳರ ಹೆಂಗಸು, ದನಿ ಯಾವತ್ತೂ ಒಂದು ಮೆಟ್ಟಲು ಮೇಲೆಯೇ.

"ಸಾರ್, ನಮ್ ಮಿಷಿನ್ನಿಗೆ ಇಂಗ್ಲಿಷ್ ಬತ್ತದಾ ಮೊದ್ಲು?"

"ಮಿಷಿನ್ನು ಆಗಲೇ ಖಾಯಂ ಕಣಮ್ಮಾ," ಎಂದ ಕ್ವಾಕ್. "ಆಗಬೇಕಿರೋದು ನೀನು."

ಮೂವತ್ನಾಲ್ಕರ ಹುಡುಗ ತಾಯಿಯ ವಯಸ್ಸಿನವಳನ್ನು ಏಕವಚನದಲ್ಲಿ ಮಾತಾಡಿಸುವುದು ಅಲ್ಲಿ ಯಾರ ಗಂಟಲಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಕಾಂಟ್ರಾಕ್ಟಿನವರಿಗೆ ಏಕವಚನ, ನೀಲಿ ಅಂಗಿಯ ಖಾಯಂನವರಿಗೆ ಬಹುವಚನ. ಮೈಮೇಲಿನ ಅಂಗಿಯ ಬಣ್ಣ ನೋಡಿ ನಾಲಗೆ ಹೊರಳುತ್ತಿತ್ತು.

"ಬಡ್ಡೀಮಗ," ಎಂದಳು ಮಲ್‌ಸೂನ್, ತುಟಿಯಲ್ಲಿ ಮಾತ್ರ. ಇಡೀ ಸಾಲು ಓದಿಕೊಂಡು ಕಿಸಕ್ಕೆಂದಿತು.

ಮಧ್ಯಾಹ್ನದ ಊಟವಾಗಿ ಬಾರ್ಲಿ ಚಹಾ ಕುಡಿದು ಮುಗಿಸಿದ ಮೇಲೆ ಉಳಿಯುವ ಅರ್ಧ ಗಂಟೆಯಲ್ಲಿ ಕ್ಲಾಸು ಶುರುವಾಯಿತು. ಕಲಿಸಲು ಕಾಲೇಜು ಹುಡುಗನೊಬ್ಬ ಬರುತ್ತಿದ್ದ. ಮೊದಲ ತಿಂಗಳು ಅವನೇ ಎದುರಿಗೆ ನಿಂತು ಇಂಗ್ಲಿಷ್ ಪ್ರಶ್ನೆಗಳನ್ನು ನಿಧಾನಕ್ಕೆ, ತುಟಿ ಅಗಲಿಸಿ ಹೇಳುತ್ತಿದ್ದ. ಮೀಟಿಂಗ್ ಎಲ್ಲಿದೆ? ರೈಲು ಯಾಕೆ ತಡವಾಯಿತು? ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದವಳು ಮಲ್‌ಸೂನ್. "ಈ ಅಮ್ಮ ನೋಡಿ," ಎನ್ನುತ್ತಿದ್ದ ಹುಡುಗ, "ನಮ್ ಕಾಲೇಜಿಗೇ ಬರಬಹುದು."

ಓದುವ ಭಾಗದಲ್ಲಂತೂ ಅವಳು ಹಸಿದವಳಂತೆ ಕೂತಳು. ಹನ್ನೆರಡನೇ ವಯಸ್ಸಿಗೆ ಬಟ್ಟೆ ಮಿಲ್ಲಿಗೆ ಸೇರಿದ ಮೇಲೆ ಅವಳ ಕೈಗೆ ಯಾರೂ ಪುಸ್ತಕ ಕೊಟ್ಟಿರಲಿಲ್ಲ. ಚುನ್‌ಮಿಗೆ ಪಾಠದ ಉದ್ದ ನೋಡಿದರೇ ಕಣ್ಣು ಕತ್ತಲೆ ಬರುತ್ತಿತ್ತು. ಮಲ್‌ಸೂನ್ ಪೆನ್ಸಿಲ್ಲಿನ ತುದಿಯಿಂದ ಅವಳ ಮಂಡಿಗೆ ತಿವಿಯುತ್ತಿದ್ದಳು.

"ಪೆದ್ದು ಮುಂಡೇದೆ, ಮೊದ್ಲಿಂದ ಯಾಕೆ ಓದೀಯ? ಕೆಳ್ಗಡೆ ಪ್ರಶ್ನೆ ಓದು ಮೊದ್ಲು. ಯಾರು ಬರ್ದದ್ದು, ಯಾರ್ಗೆ ಬರ್ದದ್ದು, ಏನ್ ಕೆಲ್ಸ ಆಗ್ಲಿ ಅಂತ ಬರ್ದದ್ದು. ಅದು ಗೊತ್ತಾದ್ರೆ ಮಿಕ್ಕಿದ್ದೆಲ್ಲಾ ಬರೀ ಉಪ್ಪು ಖಾರ."

ಎರಡನೇ ತಿಂಗಳು ಹುಡುಗ ತಾನು ಹೇಳುವುದನ್ನು ಬಿಟ್ಟು ಸ್ಪೀಕರ್ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟ. ಪರೀಕ್ಷೆಯಲ್ಲಿ ಇರುವಂತೆಯೇ ರೆಕಾರ್ಡಿನ ದನಿ. ಮಲ್‌ಸೂನಳ ಕೈ ಮೇಲೇಳಲಿಲ್ಲ. ಅವಳು ಡಬ್ಬಿಯನ್ನೇ ನೋಡುತ್ತಿದ್ದಳು. ಡಬ್ಬಿಗೆ ತುಟಿಯಿರಲಿಲ್ಲ. ಕುಕ್ಕೆಯೊಳಗಿನ ಮೀನಿನಂತೆ ಅವಳ ಕಣ್ಣು ಅತ್ತಿಂದಿತ್ತ ಹೊರಳಿ, ಅಕ್ಕಪಕ್ಕದವರ ಹಾಳೆಗೆ ಬಿದ್ದದ್ದನ್ನು ಚುನ್‌ಮಿ ಕಂಡಳು. ಅವಳ ಕಿವಿ ಪೂರ್ತಿ ಹೋಗಿದೆ ಎಂದು ಕಂಡ ಕೂಡಲೇ ತಿಳಿಯಿತು. ತಿಳಿದ ಕೂಡಲೇ ತನ್ನ ಹಾಳೆಗೆ ತಲೆ ಬಗ್ಗಿಸಿದಳು.

ಅದೇ ವಾರ ಕ್ವಾಕ್ ಕ್ಲಾಸು ನೋಡಲು ಬಂದ. ಹುಡುಗ ಏನೋ ಪಿಸುಗುಟ್ಟಿದ. ಕ್ವಾಕ್ ಮಲ್‌ಸೂನಳನ್ನು ಎದ್ದು ನಿಲ್ಲಿಸಿದ.

"ಕಾಲೇಜಿಗೆ ಹೋಗೋ ಅಮ್ಮ ನೀನೇ ಅಲ್ವಾ? ಎಷ್ಟು ವರ್ಷ ಆಯ್ತು ಇಲ್ಲಿಗೆ ಬಂದು?"

"ಹದ್ಮೂರು ಸಾರ್."

ಅವನು ಕೈಯಲ್ಲಿದ್ದ ಫೈಲನ್ನು ಬಾಯಿಗೆ ಅಡ್ಡ ಹಿಡಿದ. ಫೈಲಿನ ಹಿಂದಿನಿಂದ, ಇಂಗ್ಲಿಷಲ್ಲ, ತಮ್ಮದೇ ಮಾತಿನಲ್ಲಿ, ಎಲ್ಲರಿಗೂ ಕೇಳುವಂತೆ: "ಕಿವುಡು ಎಮ್ಮೆ, ಇವತ್ತು ನಿನಗೆ ಎಷ್ಟು ಹುಲ್ಲು ಹಾಕಿದ್ರು?"

ಮಲ್‌ಸೂನ್ ಫೈಲನ್ನು ನೋಡಿದಳು. ಅವನ ಕಣ್ಣನ್ನು ನೋಡಿದಳು. ಮ್ಯಾನೇಜರ್ ಏನೋ ಒಳ್ಳೆಯದೇ ಕೇಳಿರಬೇಕು.

"ಎಲ್ಲಾ ನಿಮ್ ದಯ ಸಾರ್," ಎಂದು ಬಗ್ಗಿ ನಮಸ್ಕರಿಸಿದಳು.

ಕ್ಯಾಂಟೀನು ನಕ್ಕಿತು. ಖಾಯಂನವರು ನಕ್ಕರು, ಕಾಂಟ್ರಾಕ್ಟಿನವರು ನಕ್ಕರು. ಎಲ್ಲರೂ ನಗುವುದನ್ನು ನೋಡಿ ಮಲ್‌ಸೂನಳೂ ನಕ್ಕಳು. ಚುನ್‌ಮಿಯ ಬಾಯಿಂದಲೂ ನಗು ಹೊರಬಿತ್ತು. ತಡೆಯಲು ಹೋಗಿ ತಡೆಯಲಾಗದೆ ಬಿದ್ದ ನಗು ಎಂದು ಆಮೇಲೆ ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡಳು. ತಡೆಯಲು ಹೋಗಿರಲಿಲ್ಲ.

ಆ ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಮಲ್‌ಸೂನಳ ಕೈಗೆ ತನ್ನ ಇಯರ್‌ಫೋನ್ ಇಟ್ಟಳು. "ಅಕ್ಕಾ, ಇದ ಹಾಕ್ಕೊಂಡು ಕೇಳು. ಸದ್ದು ಪೂರ್ತಿ ಮ್ಯಾಲಕ್ಕೆ ಇಡು. ದಿನಾ ಕೇಳಿದ್ರೆ ಕಿವಿ ಪಳಗ್ತದೆ."

ಕಿವಿ ಪಳಗುವುದಿಲ್ಲ ಎಂದು ಗೊತ್ತಿದ್ದೂ ಹೇಳಿದಳು. ಬೇರೆ ಹೇಳಿದರೆ ಬಿಳಿ ಬಸ್ಸಿನ ಮಾತು ಎತ್ತಬೇಕಾಗುತ್ತಿತ್ತು.

ನಾಲ್ಕು ತಿಂಗಳು ಮಲ್‌ಸೂನ್ ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಪಾಯಖಾನೆಯ ಸಾಲಿನಲ್ಲಿ ಇಯರ್‌ಫೋನ್ ತೆಗೆಯಲಿಲ್ಲ. ಪಕ್ಕದವರಿಗೆಲ್ಲ ಆ ಇಂಗ್ಲಿಷ್ ಹೆಂಗಸಿನ ದನಿ ಕೇಳುತ್ತಿತ್ತು, ಮಲ್‌ಸೂನಳಿಗೊಬ್ಬಳಿಗೆ ಬಿಟ್ಟು. "ಅಕ್ಕಾ, ನಿಮ್ಮಿಂದ ನಮ್ಗೆಲ್ಲಾ ಬಾಯಿಪಾಠ ಆಗೋಯ್ತು," ಎಂದು ಹೆಂಗಸರು ರೇಗಿಸುತ್ತಿದ್ದರು. ಅದರಲ್ಲಿ ಅರ್ಧ ನಿಜವೇ. ಪರೀಕ್ಷೆಯಲ್ಲಿ ಚುನ್‌ಮಿಗೆ ಬಂದ ಹಲವು ಉತ್ತರಗಳು ಮಲ್‌ಸೂನಳ ಕಿವಿಯಿಂದ ಸೋರಿ ಬಂದವು.

ಫಲಿತಾಂಶದ ಹಾಳೆ ಗೇಟಿನ ಹತ್ತಿರ ಅಂಟಿಸಿದ್ದರು. ಮಲ್‌ಸೂನ್: ಓದುವುದು, ನೂರಕ್ಕೆ ಎಂಬತ್ತೊಂದು. ಕೇಳುವುದು, ಹತ್ತೊಂಬತ್ತು. ಚುನ್‌ಮಿ ಅರವತ್ತಾರು, ಐವತ್ತೆರಡು. ಮಲ್‌ಸೂನಳ ಜೊತೆ ಇನ್ನೂ ಹನ್ನೊಂದು ಮಂದಿಯ ಕಾಂಟ್ರಾಕ್ಟು ಆ ತಿಂಗಳಿಗೆ ಮುಗಿಯಿತು. ಚುನ್‌ಮಿಗೆ ನೀಲಿ ಅಂಗಿ ಕೊಟ್ಟರು. ಮರುದಿನ ಮೆಟ್ಟಲಲ್ಲಿ ಎದುರಾದ ಕ್ವಾಕ್, "ಬಂದ್ರಾ ಚುನ್‌ಮಿಯವರೇ," ಎಂದ.

*

ಈ ವಸಂತದಲ್ಲಿ ಮಲ್‌ಸೂನ್ ದೊಡ್ಡಾಸ್ಪತ್ರೆಗೆ ಹೋಗಿ ಕಿವಿ ತೋರಿಸಿ, ಕೆಲಸದಿಂದ ಕಿವಿ ಹೋಗಿದೆ ಎಂದು ಪರಿಹಾರದ ಕಚೇರಿಗೆ ಅರ್ಜಿ ಹಾಕಿದಳು. ಕಚೇರಿಯವರು ಕಂಪನಿಯ ಉತ್ತರ ಕೇಳಿದರು. ಗುರುವಾರ ಮಧ್ಯಾಹ್ನ ಕ್ವಾಕ್ ಚುನ್‌ಮಿಯ ಕೈಗೆ ಒಂದು ಕಾಗದ ಕೊಟ್ಟ. "ಮನೇಲಿ ಸಮಾಧಾನವಾಗಿ ಓದಿ. ಸೋಮವಾರ ಬೆಳಗ್ಗೆ ನನ್ನ ಎದುರಿಗೆ ಸಹಿ ಹಾಕಿದ್ರೆ ಆಯ್ತು."

ಭಾನುವಾರ ಚುನ್‌ಮಿ ಒಂದು ಪೆಟ್ಟಿಗೆ ಸ್ಟ್ರಾಬೆರಿ ಹಿಡಿದು ಮಲ್‌ಸೂನಳ ಮನೆಗೆ ಹೋದಳು. ಅರ್ಧ ನೆಲದೊಳಗೆ ಇಳಿದ ಒಂದೇ ಕೋಣೆ, ಕಿಟಕಿಯಲ್ಲಿ ಹೋಗಿಬರುವವರ ಕಾಲು. ನೆಲದ ತುಂಬ ಬೆಳ್ಳುಳ್ಳಿ. ಮಾರ್ಕೆಟ್ಟಿನ ವ್ಯಾಪಾರಿಯೊಬ್ಬನಿಗೆ ಸುಲಿದು ಕೊಡುತ್ತಿದ್ದಳು. ಬೆರಳ ತುದಿಗಳು ಸುಟ್ಟಂತೆ ಬೆಳ್ಳಗಾಗಿದ್ದವು. ಟೀವಿ ಹಾಕಿತ್ತು, ದನಿಯಿರಲಿಲ್ಲ.

"ಬಾರೇ ಖಾಯಮ್ಮೋರೇ," ಎಂದಳು ಮಲ್‌ಸೂನ್, ಬೀದಿಗೆಲ್ಲ ಕೇಳುವಂತೆ. "ಸ್ಟ್ರಾಬೆರಿ ತಂದವ್ಳೆ ನೋಡು. ಯಾರು ಸತ್ರು? ಕೂತ್ಕೋ. ಬರಿಗೈಲಿ ಕೂತ್ಕೋಬ್ಯಾಡ, ಸುಲಿ."

ಚುನ್‌ಮಿ ಕೂತು ಸುಲಿಯತೊಡಗಿದಳು.

"ಮಗ್ಳು ಮೊಮ್ಮಗೂನ ನನ್ತಾವ ಬಿಡ್ತಿಲ್ಲ ಕಣೇ," ಎಂದಳು ಮಲ್‌ಸೂನ್. "ಹೋದ್ ತಿಂಗ್ಳು ಇಲ್ಲೇ ಮಲಗ್ಸಿದ್ದೆ. ನಾನು ಈ ಕಡೆ ತಿರುಕ್ಕೊಂಡು ಬೆಳ್ಳುಳ್ಳಿ ಸುಲೀತಿದ್ದೆ. ಅದು ಎದ್ದು ಅತ್ತೂ ಅತ್ತೂ ನೀಲಿ ಆಗೋಗಿತ್ತಂತೆ. ಮಗ್ಳು ಬಂದು ನೋಡಿದ್ಲು. 'ಅಮ್ಮಂಗೆ ಅರಳು ಮರಳು, ಬೇಕಂತ್ಲೇ ಎತ್ಕೊಳ್ಳಲ್ಲ' ಅಂತ ಅಳಿಯನ್ ಮುಂದೆ ಹೇಳಿದ್ಲು. ನನ್ ಮುಂದೇನೇ ಹೇಳಿದ್ಲು, ಅವ್ಳ ತುಟಿ ನೋಡ್ದೆ. ಕಿವಿ ಕೇಳಲ್ಲ ಕಣೇ ಅಂದ್ರೆ ಕಾರ್ಖಾನೆ ಚೀಟಿ ತೋರಿಸ್ತಾಳೆ. ಐದು ಚೀಟಿ. ಐದ್ರಲ್ಲೂ ಚೆನ್ನಾಗದೆ ಅಂತ ಬರ್ದದೆ."

ಚುನ್‌ಮಿಯ ಉಗುರು ಬೆಳ್ಳುಳ್ಳಿಯೊಳಗೆ ಇಳಿಯಿತು.

"ದುಡ್ಡು ಬತ್ತದೆ, ಬರಾಕಿಲ್ಲ, ಅದು ಹಾಳಾಗೋಗ್ಲಿ. ನನ್ ಕಿವಿ ಪ್ರೆಸ್ಸು ತಿಂತು ಅಂತ ಸರ್ಕಾರದ್ ಮೊಹರು ಬಿದ್ದಿರೋ ಒಂದು ಚೀಟಿ ಬೇಕು ನಂಗೆ. ಅದ ಮಗಳ ಮುಖಕ್ಕೆ ಹಿಡೀಬೇಕು. ಹದಿನೈದ್ನೇ ತಾರೀಕು ವಿಚಾರಣೆ ಅದೆ. ನೀ ಬಂದು ಆ ಭುಜದ್ ವಿಷ್ಯ ಹೇಳು. ಅಷ್ಟೇಯ. ನೀ ಹೇಳ್ದೆ ಇದ್ರೆ ಇನ್ಯಾರು ಹೇಳಾರು?"

ಅವಳು ಚುನ್‌ಮಿಯ ತುಟಿಯನ್ನೇ ನೋಡುತ್ತ ಕಾದಳು.

ಚುನ್‌ಮಿ ಎದ್ದು ಕೈ ತೊಳೆಯುವ ನೆಪದಲ್ಲಿ ಸಿಂಕಿನ ಕಡೆ ಹೋದಳು. ನಲ್ಲಿ ತಿರುಗಿಸಿದಳು. ಮಲ್‌ಸೂನಳಿಗೆ ಬೆನ್ನು ಮಾಡಿ ನಿಂತು, ಇಷ್ಟು ದಿನ ಗಂಟಲಲ್ಲಿದ್ದದ್ದನ್ನೆಲ್ಲ ಆಡಿದಳು.

"ಅಕ್ಕಾ, ನಾಳೆ ನಿನ್ ವಿರುದ್ಧ ಸಹಿ ಹಾಕು ಅಂದವ್ರೆ. ಹಾಕ್ದೆ ಇದ್ರೆ ನನ್ ನೀಲಿ ಅಂಗಿ ಬಿಚ್ಚಿಸ್ತಾರೆ. ನಿನ್ ಕಿವಿ ಹೋಗದೆ ಅಂತ ನಂಗೆ ಎಲ್ಲಾರ್ಗಿಂತ ಮೊದ್ಲು ಗೊತ್ತಿತ್ತು. ಆವತ್ತು ಅವ್ನು ನಿನ್ನ ಎಮ್ಮೆ ಅಂದ. ನಾನೂ ನಕ್ಕೆ."

ಹೇಳಿ ಮುಗಿಸಿ ನಲ್ಲಿ ನಿಲ್ಲಿಸಿ ತಿರುಗಿದಳು. ಮಲ್‌ಸೂನ್ ತಲೆ ಬಗ್ಗಿಸಿ ಸ್ಟ್ರಾಬೆರಿಯ ತೊಟ್ಟು ಕೀಳುತ್ತಿದ್ದಳು. ಚೆನ್ನಾಗಿರುವುದನ್ನೆಲ್ಲ ಆರಿಸಿ ಚುನ್‌ಮಿಯ ತಟ್ಟೆಗೆ ಹಾಕಿ, ಜಜ್ಜಿದವನ್ನು ತನಗಿಟ್ಟುಕೊಂಡಿದ್ದಳು.

"ಏನಂದೆ?" ಎಂದು ತಲೆ ಎತ್ತಿದಳು. "ಬಂದೀಯ ತಾನೆ?"

ಚುನ್‌ಮಿ ತಟ್ಟೆಯ ಮುಂದೆ ಕೂತಳು. ಹೌದೆಂದೂ ಅಲ್ಲ, ಅಲ್ಲವೆಂದೂ ಅಲ್ಲ ಎಂಬಂತೆ ತಲೆಯಾಡಿಸಿದಳು. ಸ್ಟ್ರಾಬೆರಿ ತಿಂದಳು. ಬೆಳ್ಳುಳ್ಳಿಯ ಘಾಟು ಹತ್ತಿದ ಬೆರಳು. ಹಣ್ಣಿಗೂ ಅದೇ ರುಚಿ.

*

ಸೋಮವಾರ ಬೆಳಗ್ಗೆ, ಪ್ರೆಸ್ ಶಾಪಿನ ಮೇಲಿನ ತನ್ನ ಗಾಜಿನ ಕೋಣೆಯಲ್ಲಿ, ಕ್ವಾಕ್ ಅವಳಿಗೆ ಕುರ್ಚಿ ತೋರಿಸಿದ. ಕಾಫಿ ತರಿಸಿದ. ಲೈನಿನ ಇಪ್ಪತ್ತು ಹೆಂಗಸರಿಗೆ ಆ ದಿನದ ಕೆಲಸ ಹಂಚುವವಳು ಚುನ್‌ಮಿಯೇ ಆದ್ದರಿಂದ ಬೇಗ ಮುಗಿಸಬೇಕಿತ್ತು.

"ಓದಿದ್ರಲ್ಲಾ ಚುನ್‌ಮಿಯವರೇ?"

"ಓದ್ದೆ ಸಾರ್."

"ಇದರಲ್ಲಿ ಒಂದಾದರೂ ಸುಳ್ಳಿದ್ರೆ ಹೇಳಿ. ಈಗಲೇ ಹೊಡೆದುಹಾಕ್ತೀನಿ. ಸುಳ್ಳು ಬರೆಸೋದು ನನಗೂ ಆಗಲ್ಲ."

ಅವಳು ಕಾಗದವನ್ನು ಮತ್ತೆ ಬಿಡಿಸಿದಳು. *ನಾನು ಮಲ್‌ಸೂನ್ ಅವರೊಂದಿಗೆ ಹದಿಮೂರು ವರ್ಷ ಕೆಲಸ ಮಾಡಿದ್ದೇನೆ. ಪ್ರತಿವರ್ಷದ ತಪಾಸಣೆಯಲ್ಲಿ ಅವರ ಕಿವಿ ಚೆನ್ನಾಗಿದೆ ಎಂದು ದಾಖಲಾಗಿದೆ. ಕಳೆದ ವರ್ಷ ನಾಲ್ಕು ತಿಂಗಳು ಅವರು ಪ್ರತಿದಿನವೂ ಇಯರ್‌ಫೋನ್ ಹಾಕಿಕೊಂಡು, ಅಕ್ಕಪಕ್ಕದವರಿಗೂ ಕೇಳುವಷ್ಟು ಜೋರಾಗಿ ಇಂಗ್ಲಿಷ್ ಅಭ್ಯಾಸ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ.*

"ಒಂದೂ ಸುಳ್ಳಿಲ್ಲ ಸಾರ್."

"ಮತ್ತೆ?" ಅವನು ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದ.

ಚುನ್‌ಮಿ ಪೆನ್ನು ತೆಗೆದುಕೊಂಡಳು. ಅದರ ತುದಿಯನ್ನು ಕಾಗದದ ಮೊದಲ ಸಾಲಿನ ಮೇಲಿಟ್ಟಳು.

"ಇದ ಬರ್ದವ್ರು ಯಾರು ಸಾರ್?"

"ಅಂದ್ರೆ?"

"ಇದ್ರಲ್ಲಿ 'ನಾನು' ಅಂತ ಅದೆ. ಆ ನಾನು ಯಾರು?"

"ನೀವೇ ಚುನ್‌ಮಿಯವರೇ. ಟೈಪ್ ಮಾಡಿದ್ದು ಮಾತ್ರ ನಾವು."

"ಯಾರ್ಗೆ ಬರ್ದದ್ದು?"

"ಕಚೇರಿಯವರಿಗೆ."

"ಅವ್ರು ಇದ ಓದಿ ಏನ್ ತಿಳ್ಕೋಬೇಕು? ಕಿವಿ ತಿಂದದ್ದು ಪ್ರೆಸ್ಸಲ್ಲ, ಇಯರ್‌ಫೋನು ಅಂತ್ಲಾ?"

ಕ್ವಾಕ್ ನಕ್ಕ. "ಪರೀಕ್ಷೆ ಮುಗೀತಲ್ಲ, ಇನ್ನೂ ಪ್ರಶ್ನೆ ಕೇಳ್ತೀರಲ್ಲ. ಅವರು ಏನಾದ್ರೂ ತಿಳ್ಕೊಳ್ಳಲಿ. ನೀವು ಕಂಡಿದ್ದನ್ನ ಹೇಳಿದ್ದೀರಿ, ಅಷ್ಟೇ."

"ಕಂಡಿದ್ದು ಇನ್ನೂ ಅದೆ ಸಾರ್. ಸೇರಿಸ್ಕೊಳ್ಳಿ. ಇಯರ್‌ಫೋನ್ ಕೊಟ್ಟವ್ಳು ನಾನು. ಪೂರ್ತಿ ಜೋರಾಗಿ ಇಡು ಅಂದವ್ಳು ನಾನು. ಅದಕ್ಕೂ ಮೊದ್ಲೇ ಅವ್ಳ ಕಿವಿ ಹೋಗಿತ್ತು. ಬಸ್ಸಿನಾಗೆ ನರ್ಸಮ್ಮನ ಭುಜ ನೋಡಿ ಗುಂಡಿ ಒತ್ತು ಅಂತ ಐದು ವರ್ಷ ಹೇಳ್ಕೊಟ್ಟವ್ಳು ನಾನು. ಒಂದೂ ಬರಬಾರ್ದು ಅಂತ ನಂಗೆ ಹೇಳಿದ್ದು ನೀವು."

ಕಾಫಿ ಲೋಟವನ್ನು ಕ್ವಾಕ್ ಪಕ್ಕಕ್ಕೆ ಸರಿಸಿದ.

"ನೋಡು," ಎಂದ. ದನಿ ಏರಿರಲಿಲ್ಲ, ಬಹುವಚನ ಮಾತ್ರ ಬಿದ್ದುಹೋಗಿತ್ತು. "ಅದನ್ನ ನೀನು ಬಾಯಿಬಿಟ್ಟರೆ ಮೊದಲು ಸಿಕ್ಕಿಬೀಳೋಳು ನೀನೇ. ಸರ್ಕಾರ ಮಾಡಿಸ್ಲೇಬೇಕು ಅಂದಿರೋ ತಪಾಸಣೇಲಿ ಮೋಸ ಮಾಡಿಸಿದ್ದು ನೀನು. ನಾನು ಎಲ್ಲಾದ್ರೂ ಬರೆದುಕೊಟ್ಟಿದ್ದೀನಾ?"

"ಇಲ್ಲ ಸಾರ್. ನೀವು ಬರೆಯಾಕಿಲ್ಲ. ನೀವು ಬರೆಸ್ತೀರಿ."

"ಇಪ್ಪತ್ತು ಹೆಂಗಸರು ಇದ್ದಾರಲ್ಲ ನಿನ್ನ ಲೈನಲ್ಲಿ, ಅವರ ಕಿವಿಗೂ ಹೀಗೇ ಹೇಳಿಕೊಟ್ಟವಳು ನೀನು. ನಾಳೆ ಅವರೆಲ್ಲ ಬಂದು ನಿನ್ನ ಜುಟ್ಟು ಹಿಡಿದರೆ?"

ಇದನ್ನು ಚುನ್‌ಮಿ ಯೋಚಿಸಿದ್ದಳು. ನಿನ್ನೆ ಸಂಜೆಯಿಂದ ಅದೊಂದನ್ನೇ ಯೋಚಿಸಿದ್ದಳು. ಪ್ರತಿಯೊಬ್ಬಳ ಮುಖವನ್ನೂ ನೆನೆದು, ಯಾರು ಈಚೆಗೆ ಶಾಪಿನ ಹೊರಗೂ ತುಟಿಯನ್ನೇ ನೋಡಿ ಮಾತಾಡುತ್ತಾರೆ ಎಂದು ಲೆಕ್ಕ ಹಿಡಿದಿದ್ದಳು. ಏಳು ಮಂದಿ.

"ಹಿಡೀಲಿ," ಎಂದಳು.

ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಕಾಗದವನ್ನು ನಾಲ್ಕಾಗಿ ಮಡಿಸಿ ನೀಲಿ ಅಂಗಿಯ ಜೇಬಿಗೆ ಸೇರಿಸಿದಳು.

"ಕಾಗದ ಇಲ್ಲಿಡು."

"ಇದು ನಾನು ಬರ್ದದ್ದು ಅಂದ್ರಲ್ಲಾ ಸಾರ್."

ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಕ್ವಾಕ್ ಎತ್ತಿ ಹ್ಞೂಂ ಹ್ಞೂಂ ಎಂದು ಕೇಳಿ ಕುಕ್ಕಿದ. ಎದ್ದು ಹೋಗಿ ಬಾಗಿಲು ತೆಗೆದು ಹಿಡಿದ. ಬಾಗಿಲು ತೆರೆದರೂ ಪ್ರೆಸ್ಸುಗಳ ಸದ್ದು ಒಳಗೆ ಬರಲಿಲ್ಲ. ಹಂಚುವವಳಿಲ್ಲದೆ ಲೈನು ನಿಂತಿತ್ತು. ಇಪ್ಪತ್ತು ಹೆಂಗಸರು ಮಿಷಿನ್ನಿನ ಮುಂದೆ ಕೈಕಟ್ಟಿ, ಮೇಲಿನ ಈ ಗಾಜಿನ ಕೋಣೆಯ ಕಡೆ ತಲೆಯೆತ್ತಿ ನೋಡುತ್ತಿದ್ದರು.

"ಕಾಗದ ಕೊಟ್ಟು ಲೈನಿಗೆ ಹೋಗು. ಆದದ್ದು ಆಯ್ತು, ನಾನು ಏನೂ ಕೇಳಿಲ್ಲ ಅಂತ ತಿಳ್ಕೊತೀನಿ. ಏಳು."

"ಏಳಾಕಿಲ್ಲ," ಎಂದಳು ಚುನ್‌ಮಿ. ಗಾಜಿನ ಕಡೆ ಮುಖ ಮಾಡಿ, ಕೆಳಗಿದ್ದವರು ಓದಿಕೊಳ್ಳುವ ಹಾಗೆ ತುಟಿ ಅಗಲಿಸಿ, ನಿಧಾನವಾಗಿ ಇನ್ನೊಮ್ಮೆ ಹೇಳಿದಳು.